ಸೆರಾಮಿಕ್ ಫೋಮ್ ಬರ್ನರ್‌ಗೆ ಹೈಡ್ರೋಜನ್ ಬೆರೆಸುವ ಮುನ್ನ: ಹಂತ ಹಂತದ ಮಾರ್ಗದರ್ಶಿ

ರಂಧ್ರಮಯ ಸೆರಾಮಿಕ್‌ನೊಳಗೆ ಉರಿಯುವ ಗ್ಯಾಸ್ ಜ್ವಾಲೆಗೆ ಹೈಡ್ರೋಜನ್ ಸೇರಿಸಿದರೆ ಏನಾಗುತ್ತದೆ ಎಂದು ಕೇಳುವವರ ಮರುಪ್ರಶ್ನೆ ಸಾಮಾನ್ಯವಾಗಿ ಒಂದೇ: "ಶೇಕಡಾ ಎಷ್ಟರವರೆಗೆ ಸೇರಿಸಬಹುದು?" ಇದಕ್ಕೆ ಒಂದೇ ಅಂಕಿಯ ಉತ್ತರವಿಲ್ಲ. ಇಂಧನದ ಗಾತ್ರದ ಲೆಕ್ಕದಲ್ಲಿ ಒಂದು ಬರ್ನರ್ ಶೇ. 60ಕ್ಕೂ ಜಗ್ಗದಿರಬಹುದು, ಇನ್ನೊಂದರಲ್ಲಿ ಶೇ. 20ಕ್ಕೇ ಜ್ವಾಲೆ ಹಿಂದಕ್ಕೆ ನುಗ್ಗಬಹುದು. ರಂಧ್ರದ ಅಳತೆ, ಗಾಳಿಯ ಪ್ರಮಾಣ, ಹರಿವಿನ ವೇಗ, ಸೆರಾಮಿಕ್ ಆಗಲೇ ಎಷ್ಟು ಕಾದಿದೆ ಎಂಬ ನಾಲ್ಕೂ ಸೇರಿ ಮಿತಿಯನ್ನು ತೀರ್ಮಾನಿಸುತ್ತವೆ. ನಿಮ್ಮ ಬರ್ನರ್‌ನ ಮಿತಿಯನ್ನು ನೀವೇ ಅಳೆದುಕೊಳ್ಳುವ ಕ್ರಮ ಇಲ್ಲಿದೆ.

ಇದು ಪ್ರಯೋಗಾಲಯದ ಕೆಲಸ. ಗ್ಯಾಸ್ ಉಪಕರಣಗಳನ್ನು ಕೈಯಾರೆ ನಡೆಸಿ ಅಭ್ಯಾಸವಿಲ್ಲದವರು ಇಲ್ಲಿನ ಲೆಕ್ಕಗಳನ್ನು ಓದಿಕೊಳ್ಳಿ, ಸಿಲಿಂಡರ್ ಮುಟ್ಟಬೇಡಿ.

ಮೊದಲು ನಾಲ್ಕು ಪದ

ಸಮಾನತಾ ಅನುಪಾತ: ಇರುವ ಗಾಳಿಯಲ್ಲಿ ಪೂರ್ತಿ ಉರಿಯಬಲ್ಲ ಇಂಧನಕ್ಕೆ ಹೋಲಿಸಿದರೆ ನೀವು ಕೊಡುತ್ತಿರುವ ಇಂಧನ ಎಷ್ಟು ಎಂಬುದು. 1 ಎಂದರೆ ಸರಿಸಮ, 0.65 ಎಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ. ಇಲ್ಲಿ ಇದನ್ನು 'ಫೈ' ಎಂದು ಕರೆಯೋಣ.

ಜ್ವಾಲಾವೇಗ: ನಿಂತ ಮಿಶ್ರಣದೊಳಗೆ ಜ್ವಾಲೆ ಮುಂದುವರಿಯುವ ವೇಗ. ಸಾಮಾನ್ಯ ಉಷ್ಣತೆ ಮತ್ತು ಒತ್ತಡದಲ್ಲಿ ಫೈ 1 ಇರುವಾಗ ಮೀಥೇನ್-ಗಾಳಿಗೆ ಸೆಕೆಂಡಿಗೆ ಸುಮಾರು 0.38 ಮೀಟರ್, ಹೈಡ್ರೋಜನ್-ಗಾಳಿಗೆ 2 ಮೀಟರ್‌ಗಿಂತ ಹೆಚ್ಚು.

ಫ್ಲ್ಯಾಶ್‌ಬ್ಯಾಕ್: ಜ್ವಾಲೆ ತನ್ನ ಜಾಗ ಬಿಟ್ಟು, ಮಿಶ್ರಣ ಬರುವ ದಿಕ್ಕಿಗೆ ಎದುರಾಗಿ ನುಗ್ಗುವುದು.

ಪಿಪಿಐ: ಫೋಮ್‌ನಲ್ಲಿ ಒಂದು ಅಂಗುಲ ಉದ್ದಕ್ಕೆ ಇರುವ ರಂಧ್ರಗಳ ಎಣಿಕೆ. 10 ಪಿಪಿಐ ಎಂದರೆ ಲೆಕ್ಕಕ್ಕೆ 2.5 ಮಿಮೀ. ತಯಾರಕರಿಂದ ತಯಾರಕರಿಗೆ ಇದು ಬದಲಾಗುವುದರಿಂದ ಅಂಕಿಯನ್ನು ನಂಬದೆ ಒಂದು ಫೋಟೊ ತೆಗೆದು ರಂಧ್ರಗಳನ್ನು ಅಳೆಯಿರಿ.

ಜ್ವಾಲೆ ಏಕೆ ಜಾಗ ಬದಲಿಸುತ್ತದೆ?

ಸಾಮಾನ್ಯ ವಿನ್ಯಾಸದಲ್ಲಿ ಎರಡು ಪದರ. ಕೆಳಗಿನಿಂದ ಮಿಶ್ರಣ ಬರುತ್ತದೆ ಎಂದಿಟ್ಟುಕೊಳ್ಳಿ. ಕೆಳಪದರದ ರಂಧ್ರಗಳು ಸಣ್ಣವು; ಗೋಡೆಗಳು ಶಾಖ ಹೀರಿಕೊಂಡು ಜ್ವಾಲೆಯನ್ನು ಅಲ್ಲಿ ಬದುಕಗೊಡುವುದಿಲ್ಲ. ಮೇಲ್ಪದರದ ರಂಧ್ರಗಳು ದೊಡ್ಡವು. ಜ್ವಾಲೆ ಎರಡರ ಗಡಿಯಲ್ಲಿ ಅಥವಾ ತುಸು ಮೇಲೆ ನೆಲೆಸುತ್ತದೆ. ಉರಿದ ಅನಿಲ ಸೆರಾಮಿಕ್ ಕಾಯಿಸುತ್ತದೆ, ಆ ಶಾಖ ಘನದ ಮೂಲಕವೂ ವಿಕಿರಣವಾಗಿಯೂ ಕೆಳಗೆ ಹರಿದು ಹೊಸ ಮಿಶ್ರಣವನ್ನು ಮೊದಲೇ ಬೆಚ್ಚಗಾಗಿಸುತ್ತದೆ. ತೆರೆದ ಜ್ವಾಲೆಯಲ್ಲಿ ನಂದಿಹೋಗುವ ತೆಳು (ಇಂಧನ ಕಡಿಮೆಯಿರುವ) ಮಿಶ್ರಣವೂ ಇಲ್ಲಿ ಉರಿಯಬಲ್ಲದು ಈ ಕಾರಣಕ್ಕೇ.

ಹೈಡ್ರೋಜನ್ ಬಂದಾಗ ಈ ಸಮತೋಲನ ಮೂರು ಕಡೆಯಿಂದ ಅಲುಗಾಡುತ್ತದೆ. ಜ್ವಾಲಾವೇಗ ಏರುತ್ತದೆ. ಜ್ವಾಲೆ ನುಸುಳಬಲ್ಲ ಕನಿಷ್ಠ ಕಿಂಡಿ ಕಿರಿದಾಗುತ್ತದೆ: ಮೀಥೇನ್‌ಗೆ 2 ಮಿಮೀಗಿಂತ ಹೆಚ್ಚು ಬೇಕು, ಹೈಡ್ರೋಜನ್‌ಗೆ ಸುಮಾರು 0.6 ಮಿಮೀ ಸಾಕು. ಮೂರನೆಯದನ್ನು ಹಲವರು ಮರೆಯುತ್ತಾರೆ. ಹೈಡ್ರೋಜನ್ ಅಣು ಹಗುರ. ಶಾಖ ಹರಡುವುದಕ್ಕಿಂತ ಬೇಗ ತಾನೇ ಹರಡುತ್ತದೆ. ಹಾಗಾಗಿ ತೆಳು ಮಿಶ್ರಣದಲ್ಲಿ ಜ್ವಾಲೆಯ ಮುಂಚಾಚಿದ ಮೂತಿಗಳಿಗೆ ಹೈಡ್ರೋಜನ್ ಹೆಚ್ಚು ಸಿಗುತ್ತದೆ, ಅವು ಉಳಿದ ಭಾಗಕ್ಕಿಂತ ಬಿಸಿಯಾಗಿ ಉರಿಯುತ್ತವೆ. ಸರಾಸರಿ ಲೆಕ್ಕ 'ಸುರಕ್ಷಿತ' ಎಂದು ಹೇಳಿದ ಕಿಂಡಿಯೊಳಗೂ ಇಂಥದೊಂದು ಮೂತಿ ತೂರಿಕೊಳ್ಳಬಹುದು.

ಏರಿಕೆ ನೇರ ಗೆರೆಯಲ್ಲಿ ಸಾಗುವುದಿಲ್ಲ. ಇಂಧನದಲ್ಲಿ ಹೈಡ್ರೋಜನ್ ಅರ್ಧದಷ್ಟಾಗುವವರೆಗೆ ಮೀಥೇನ್‌ನದೇ ದರ್ಬಾರು, ಜ್ವಾಲಾವೇಗ ನಿಧಾನವಾಗಿ ಏರುತ್ತದೆ. ಶೇ. 50 ದಾಟಿದ ಮೇಲೆ ಗೆರೆ ಕಡಿದಾಗುತ್ತದೆ, ಶೇ. 90ರ ಆಚೆ ಅದು ಬಹುಮಟ್ಟಿಗೆ ಹೈಡ್ರೋಜನ್ ಜ್ವಾಲೆಯೇ. ಶೇ. 40ರವರೆಗೆ ಏನೂ ಆಗಲಿಲ್ಲವೆಂದು ಶೇ. 70ಕ್ಕೆ ಜಿಗಿದವರಿಗೆ ಫ್ಲ್ಯಾಶ್‌ಬ್ಯಾಕ್ ಕಾದಿರುತ್ತದೆ.

1. ಯಾವುದನ್ನು ಸ್ಥಿರವಾಗಿಡುತ್ತೀರಿ ಎಂದು ಮೊದಲು ಬರೆದಿಡಿ

ಹೆಚ್ಚಿನವರು ಎಡವುವುದು ಇಲ್ಲೇ, ಬರ್ನರ್ ಹೊತ್ತಿಸುವ ಮೊದಲೇ.

ಒಂದು ಲೆಕ್ಕ ನೋಡಿ. ಒಳವ್ಯಾಸ 50 ಮಿಮೀ, ಶಕ್ತಿ 1.5 ಕಿಲೋವ್ಯಾಟ್, ಫೈ 0.65. ಮೀಥೇನ್‌ನ ಶಾಖಮೌಲ್ಯ ಘನಮೀಟರಿಗೆ 35.8 ಮೆಗಾಜೂಲ್, ಹೈಡ್ರೋಜನ್‌ನದು 10.8. ಒಂದು ಲೀಟರ್ ಮೀಥೇನ್ ಉರಿಯಲು 9.52 ಲೀಟರ್ ಗಾಳಿ ಬೇಕು, ಹೈಡ್ರೋಜನ್‌ಗೆ 2.38 ಸಾಕು. ಬರೀ ಮೀಥೇನ್ ಆದರೆ ನಿಮಿಷಕ್ಕೆ 2.51 ಲೀಟರ್ ಇಂಧನ, 36.8 ಲೀಟರ್ ಗಾಳಿ.

ಈಗ 'ಶೇ. 20 ಹೈಡ್ರೋಜನ್' ಎಂಬುದನ್ನು ಮೂರು ರೀತಿ ಮಾಡಬಹುದು.

ಇಂಧನದ ಒಟ್ಟು ಲೀಟರ್ ಹಾಗೇ ಇಟ್ಟು ಐದರಲ್ಲಿ ಒಂದು ಪಾಲು ಹೈಡ್ರೋಜನ್‌ಗೆ ಬದಲಿಸಿದರೆ ಶಕ್ತಿ 1.29 ಕಿಲೋವ್ಯಾಟ್‌ಗೆ ಇಳಿಯುತ್ತದೆ, ಫೈ 0.55ಕ್ಕೆ ಕುಸಿಯುತ್ತದೆ. ಜ್ವಾಲೆ ತಣ್ಣಗಾಗುತ್ತದೆ, 'ಹೈಡ್ರೋಜನ್ ಸೇರಿಸಿದರೆ ಉಷ್ಣತೆ ಕಡಿಮೆ' ಎಂದು ಯಾರೋ ಬರೆದುಬಿಡುತ್ತಾರೆ. ಮೀಥೇನ್ ಮುಟ್ಟದೆ ಅದರ ಮೇಲೆ 0.63 ಲೀಟರ್ ಹೈಡ್ರೋಜನ್ ಸುರಿದರೆ ಶಕ್ತಿ 1.61 ಕಿಲೋವ್ಯಾಟ್, ಫೈ 0.69, ಈಗ 'ಉಷ್ಣತೆ ಏರಿತು' ಎನ್ನುತ್ತಾರೆ. ಎರಡರಲ್ಲೂ ಕಂಡದ್ದು ಬಹುಪಾಲು ಗಾಳಿ-ಇಂಧನ ಅನುಪಾತ ಬದಲಾದ ಪರಿಣಾಮ. ಹೈಡ್ರೋಜನ್‌ನದು ಅದರಡಿ ಮುಚ್ಚಿಹೋಗಿದೆ.

ಮೂರನೆಯ ದಾರಿಯೇ ಸರಿ: ಶಕ್ತಿ ಮತ್ತು ಫೈ ಎರಡನ್ನೂ ಸ್ಥಿರವಾಗಿಡಿ. ಆಗ ನಿಮಿಷಕ್ಕೆ ಲೀಟರ್ ಲೆಕ್ಕದಲ್ಲಿ ಹರಿವು ಹೀಗಿರುತ್ತದೆ:

- ಹೈಡ್ರೋಜನ್ ಇಲ್ಲ: ಮೀಥೇನ್ 2.51, ಗಾಳಿ 36.8
- ಶೇ. 20: ಮೀಥೇನ್ 2.34, ಹೈಡ್ರೋಜನ್ 0.58, ಗಾಳಿ 36.4
- ಶೇ. 50: ಮೀಥೇನ್ 1.93, ಹೈಡ್ರೋಜನ್ 1.93, ಗಾಳಿ 35.4
- ಶೇ. 80: ಮೀಥೇನ್ 1.14, ಹೈಡ್ರೋಜನ್ 4.56, ಗಾಳಿ 33.4

ಪ್ರತಿ ಸಾಲನ್ನೂ ಕೂಡಿಸಿ. ಎಲ್ಲವೂ 39 ಲೀಟರ್‌ನ ಆಸುಪಾಸಿನಲ್ಲೇ ಬರುತ್ತವೆ. ಅಂದರೆ ಮಿಶ್ರಣ ಬರುವ ವೇಗ ಸೆಕೆಂಡಿಗೆ 33 ಸೆಂಮೀ ಇದ್ದದ್ದು ಹಾಗೇ ಉಳಿಯುತ್ತದೆ. ಹರಿವು ಬದಲಾಗದೆ ಜ್ವಾಲೆ ಸರಿಯಿತೆಂದರೆ ಅದು ಹೈಡ್ರೋಜನ್‌ನ ಕೆಲಸ ಎಂದು ಧೈರ್ಯವಾಗಿ ಹೇಳಬಹುದು.

ಇನ್ನೊಂದು ಎಚ್ಚರ. ಗಾತ್ರದಲ್ಲಿ ಶೇ. 20 ಎಂದರೆ ಶಕ್ತಿಯಲ್ಲಿ ಕೇವಲ ಶೇ. 7. ಶೇ. 50 ಎಂದರೆ ಶೇ. 23. ಕಾರ್ಬನ್ ಡೈಆಕ್ಸೈಡ್ ಇಳಿಯುವುದೂ ಇಷ್ಟೇ ಪ್ರಮಾಣದಲ್ಲಿ. ವರದಿಯಲ್ಲಿ ಯಾವ ಶೇಕಡಾ ಎಂದು ನಮೂದಿಸದಿದ್ದರೆ ಓದುವವರು ತಮಗೆ ಬೇಕಾದಂತೆ ತಿಳಿಯುತ್ತಾರೆ.

2. ಕೆಳಪದರವನ್ನು ಹೈಡ್ರೋಜನ್‌ಗೆ ತಕ್ಕಂತೆ ಆರಿಸಿ

ಜ್ವಾಲೆ ರಂಧ್ರದೊಳಗೆ ಹೋಗಬಲ್ಲದೇ ಎಂದು ಅಂದಾಜಿಸಲು ಪೆಕ್ಲೆ ಸಂಖ್ಯೆ ಬಳಸುತ್ತಾರೆ: ಜ್ವಾಲಾವೇಗವನ್ನು ರಂಧ್ರದ ವ್ಯಾಸದಿಂದ ಗುಣಿಸಿ, ಮಿಶ್ರಣದಲ್ಲಿ ಶಾಖ ಹರಡುವ ಗುಣಾಂಕದಿಂದ ಭಾಗಿಸಿ. ಉತ್ತರ ಸುಮಾರು 65ಕ್ಕಿಂತ ಕಡಿಮೆ ಇದ್ದರೆ ತಣ್ಣನೆಯ ರಂಧ್ರದಲ್ಲಿ ಜ್ವಾಲೆ ನಂದುತ್ತದೆ.

1 ಮಿಮೀ ರಂಧ್ರಕ್ಕೆ, ಫೈ 1ರ ಮೀಥೇನ್‌ಗೆ ಇದು ಸುಮಾರು 17. ನಿಶ್ಚಿಂತೆ. ಅದೇ ರಂಧ್ರದಲ್ಲಿ ಬರೀ ಹೈಡ್ರೋಜನ್‌ಗೆ 50ರಿಂದ 65, ಅಂದರೆ ಕತ್ತಿಯ ಅಂಚು. ನಿಮ್ಮ ಪ್ರಯೋಗ ಫೈ 0.65ರಲ್ಲೇ ನಡೆದರೂ ಲೆಕ್ಕ ಮಾತ್ರ ಫೈ 1ಕ್ಕೆ ಮಾಡಿ. ಗಾಳಿಯ ಪಂಪ್ ಕೈಕೊಟ್ಟ ಕ್ಷಣದಲ್ಲಿ ಮಿಶ್ರಣ ಅತ್ತಲೇ ಹೋಗುತ್ತದೆ. ಮೂತಿಗಳ ವಿಚಾರ ಮೇಲೆ ಹೇಳಿದೆ. ಅದಕ್ಕಾಗಿ 65ರ ಬದಲು 30 ದಾಟಬಾರದು ಎಂದು ಇಟ್ಟುಕೊಳ್ಳುವುದು ನಮ್ಮ ಸಲಹೆ.

ಫೋಮ್ ಬದಲು ಅಲ್ಯುಮಿನಾ ಗುಂಡುಗಳ ಹಾಸು ಬಳಸುವವರು ಗುಂಡಿನ ವ್ಯಾಸವನ್ನು ರಂಧ್ರದ ವ್ಯಾಸವೆಂದು ತಿಳಿಯಬಾರದು. ಶೇ. 40 ಖಾಲಿಜಾಗವಿರುವ ಹಾಸಿನಲ್ಲಿ ರಂಧ್ರದ ಪರಿಣಾಮಕಾರಿ ವ್ಯಾಸ ಗುಂಡಿನ ವ್ಯಾಸದ 0.44 ಪಟ್ಟು: 3 ಮಿಮೀ ಗುಂಡಿಗೆ 1.3 ಮಿಮೀ. ಕೊಳವೆಯ ಗೋಡೆಗೆ ತಾಗಿದ ಕಡೆ ಸಂದು ದೊಡ್ಡದಾಗಿರುತ್ತದೆ, ಜ್ವಾಲೆ ಅಲ್ಲಿಂದಲೇ ಇಳಿಯುತ್ತದೆ. ಫೋಮ್ ಆದರೂ ಅಷ್ಟೆ: ಅಂಚಿನ ಸುತ್ತ ಸೆರಾಮಿಕ್ ನಾರಿನ ಪಟ್ಟಿ ಸುತ್ತಿ ಬಿಗಿಯಾಗಿ ಕೂರಿಸದಿದ್ದರೆ ಒಳಗಿನ ರಂಧ್ರದ ಲೆಕ್ಕಕ್ಕೆ ಅರ್ಥವೇ ಇಲ್ಲ.

ಪೆಕ್ಲೆ ಲೆಕ್ಕ ನಿಂತಿರುವುದು ತಣ್ಣನೆಯ ಗೋಡೆಯ ಮೇಲೆ. ಕೆಳಪದರ ಕಾದು ಕೆಂಪಗಾದ ಮೇಲೆ ಅದು ಜ್ವಾಲೆಯನ್ನು ನಂದಿಸುವುದಿಲ್ಲ, ಹೊತ್ತಿಸುತ್ತದೆ. ಆದ್ದರಿಂದ ಕೆಳಪದರಕ್ಕೆ ಶಾಖವನ್ನು ಕಡಿಮೆ ಸಾಗಿಸುವ ವಸ್ತು ಬೇಕು: ಕಾರ್ಡಿಯರೈಟ್, ಅಲ್ಯುಮಿನಾ ನಾರಿನ ಫಲಕ, ಸಣ್ಣ ರಂಧ್ರ ಕೊರೆದ ಸೆರಾಮಿಕ್ ಬಿಲ್ಲೆ. ಮೇಲ್ಪದರಕ್ಕೆ 10 ಪಿಪಿಐ ಸಿಲಿಕಾನ್ ಕಾರ್ಬೈಡ್ ಫೋಮ್ ಚೆನ್ನಾಗಿ ಒಗ್ಗುತ್ತದೆ. ಥಟ್ಟನೆ ಕಾಯಿಸಿದರೆ ಸೀಳುವ ಅಲ್ಯುಮಿನಾ ಫೋಮ್‌ಗಿಂತ ಅದು ಗಟ್ಟಿ. ಆದರೆ ಒಳಗೆ ಸಿಲಿಕಾನ್ ತುಂಬಿದ ಬಗೆಯಾದರೆ 1,414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಸಿಲಿಕಾನ್ ಕರಗುತ್ತದೆ. ಸಾಕಷ್ಟು ಕೆಳಗೇ ನಿಲ್ಲಿ.

3. ಗ್ಯಾಸ್ ಸಾಲು ಮತ್ತು ಸುರಕ್ಷೆ

ಗಾಳಿ, ಮೀಥೇನ್, ಹೈಡ್ರೋಜನ್ ಮೂರಕ್ಕೂ ಪ್ರತ್ಯೇಕ ಮಾಸ್ ಫ್ಲೋ ಕಂಟ್ರೋಲರ್ (ಹರಿವನ್ನು ಅಳೆದು ತಾನೇ ಹಿಡಿದಿಡುವ ಉಪಕರಣ) ಇರಲಿ. ರೋಟಾಮೀಟರ್ (ಗಾಜಿನ ಕೊಳವೆಯಲ್ಲಿ ತೇಲುವ ಗುಂಡಿನ ಎತ್ತರದಿಂದ ಹರಿವು ತೋರಿಸುವ ಮಾಪಕ) ಬಳಸಲೇಬೇಕಾದರೆ ತಿದ್ದುಪಡಿ ಮರೆಯಬೇಡಿ: ಗಾಳಿಗೆ ಗುರುತು ಹಾಕಿದ ರೋಟಾಮೀಟರ್‌ನಲ್ಲಿ ಹೈಡ್ರೋಜನ್ ಹರಿಸಿದರೆ ನಿಜವಾದ ಹರಿವು ತೋರಿದ್ದಕ್ಕಿಂತ ಸುಮಾರು 3.8 ಪಟ್ಟು ಇರುತ್ತದೆ.

ಮೀಥೇನ್‌ಗೆಂದು ಕೊಂಡ ಫ್ಲೇಮ್ ಅರೆಸ್ಟರ್ (ಜ್ವಾಲೆ ಕೊಳವೆಯಲ್ಲಿ ಹಿಂದಕ್ಕೆ ಹೋಗದಂತೆ ತಡೆಯುವ ಸಾಧನ) ಹೈಡ್ರೋಜನ್‌ಗೆ ನಡೆಯುವುದಿಲ್ಲ. ಜ್ವಾಲೆ ದಾಟದಂತೆ ತಡೆಯುವ ಪ್ರಮಾಣಿತ ಸಂದು ಮೀಥೇನ್‌ಗೆ 1.14 ಮಿಮೀ ಇದ್ದರೆ ಹೈಡ್ರೋಜನ್‌ಗೆ ಸುಮಾರು 0.29 ಮಿಮೀ. ಹೈಡ್ರೋಜನ್ ವರ್ಗಕ್ಕೆ ಪ್ರಮಾಣೀಕರಿಸಿದ್ದನ್ನೇ ಹಾಕಿ. ಎರಡೂ ಇಂಧನ ಸಾಲುಗಳಿಗೆ, ವಿದ್ಯುತ್ ಹೋದರೆ ತಾನೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ ವಾಲ್ವ್ ಕಡ್ಡಾಯ. ಮಿಶ್ರಣ ಕೋಣೆ ಚಿಕ್ಕದಾದಷ್ಟೂ ಒಳ್ಳೆಯದು. ಒಳಗೆ ಸಣ್ಣ ಗಾಜಿನ ಮಣಿ ತುಂಬಿದರೆ ಬೆರಕೆಯೂ ಸರಿಯಾಗುತ್ತದೆ, ಸಿಡಿಯಬಲ್ಲ ಖಾಲಿಜಾಗವೂ ಕಡಿಮೆಯಾಗುತ್ತದೆ.

ಹೈಡ್ರೋಜನ್‌ಗೆ ವಾಸನೆಯಿಲ್ಲ, ಹಗಲಲ್ಲಿ ಜ್ವಾಲೆ ಕಣ್ಣಿಗೆ ಬೀಳುವುದಿಲ್ಲ, ಗಾಳಿಯಲ್ಲಿ ಶೇ. 4ರಿಂದ 75ರವರೆಗೂ ಹೊತ್ತಿಕೊಳ್ಳುತ್ತದೆ, ಹೊತ್ತಲು ಬೇಕಾದ ಕಿಡಿಯ ಶಕ್ತಿ ಮೀಥೇನ್‌ಗೆ ಬೇಕಾದುದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಸೋರಿಕೆ ಸಂವೇದಕವನ್ನು ಬರ್ನರ್‌ನ ನೆತ್ತಿಯ ಮೇಲೆ, ಚಾವಣಿಯ ಹತ್ತಿರ ಇಡಿ.

ಜ್ವಾಲೆ ಇದೆಯೇ ಎಂದು ನೋಡುವ ಅಯಾನೀಕರಣ ಕಡ್ಡಿಯ ಮೇಲೆ ಭರವಸೆ ಬೇಡ. ಅದು ಹೈಡ್ರೋಕಾರ್ಬನ್ ಜ್ವಾಲೆಯ ಅಯಾನುಗಳಿಂದ ಕೆಲಸ ಮಾಡುತ್ತದೆ. ಹೈಡ್ರೋಜನ್ ಪಾಲು ಏರಿದಂತೆ ಅದರ ಕರೆಂಟ್ ಕುಸಿದು, ಜ್ವಾಲೆ ಇದ್ದರೂ ಇಲ್ಲವೆನ್ನುತ್ತದೆ. ನೇರಳಾತೀತ ಸಂವೇದಕಕ್ಕೆ ಫೋಮ್‌ನೊಳಗೆ ಹುದುಗಿದ ಜ್ವಾಲೆ ಕಾಣದಿರಬಹುದು. ಇಲ್ಲಿ ಕೆಲಸಕ್ಕೆ ಬರುವುದು ಥರ್ಮೋಕಪಲ್‌ಗಳೇ (ಎರಡು ಲೋಹದ ತಂತಿ ಬೆಸೆದ ಉಷ್ಣತಾ ಸಂವೇದಕಗಳು).

4. ಥರ್ಮೋಕಪಲ್ ಎಲ್ಲೆಲ್ಲಿ?

ಮಿಶ್ರಣ ಕೋಣೆಯಲ್ಲಿ ಒಂದು. ಕೆಳಪದರದಲ್ಲಿ ಗಡಿಗಿಂತ 5 ಮಿಮೀ ಕೆಳಗೆ ಒಂದು: ಇಡೀ ಪ್ರಯೋಗದಲ್ಲಿ ನೀವು ಕಣ್ಣಿಡಬೇಕಾದದ್ದು ಇದರ ಮೇಲೆ. ಗಡಿಯಲ್ಲಿ ಒಂದು, ಅಲ್ಲಿಂದ ಮೇಲೆ 5ರಿಂದ 10 ಮಿಮೀಗೆ ಒಂದರಂತೆ ಹೊರಮೈವರೆಗೆ.

ಕೆಳಗಿನವಕ್ಕೆ ಕೆ ಬಗೆ ಸಾಕು. ಮೇಲಿನವು 1,200 ಡಿಗ್ರಿ ದಾಟುವ ಸಾಧ್ಯತೆಯಿದ್ದರೆ ಎಸ್ ಅಥವಾ ಬಿ ಬಗೆ ಬೇಕು. ಅವು ಪ್ಲಾಟಿನಂ, ಪ್ಲಾಟಿನಂ ಮೈಮೇಲೆ ಹೈಡ್ರೋಜನ್ ತಾನೇ ಉರಿಯುವುದರಿಂದ ಬರಿಯ ತಂತಿ ನಿಜವಾದ ಉಷ್ಣತೆಗಿಂತ ಹೆಚ್ಚು ತೋರಿಸುತ್ತದೆ. ಅಲ್ಯುಮಿನಾ ಕವಚದೊಳಗೆ ಇಡಿ. ಹಾಗೆ ಇಟ್ಟದ್ದು ಅಳೆಯುವುದು ಅನಿಲದ ಉಷ್ಣತೆಯನ್ನಲ್ಲ, ಘನಕ್ಕೂ ಅನಿಲಕ್ಕೂ ನಡುವಿನ ಯಾವುದೋ ಒಂದನ್ನು, ಬಹುಪಾಲು ಘನದ ಕಡೆ ವಾಲಿದ್ದನ್ನು.

5. ಹೊತ್ತಿಸುವುದು, ಏರಿಸುವುದು

ಮೊದಲು ಬರೀ ಗಾಳಿ, ಒಳಗಿನ ಗಾತ್ರದ ಕನಿಷ್ಠ ಐದು ಪಟ್ಟು. ಆಮೇಲೆ ಮೀಥೇನ್ ಮಾತ್ರ, ಫೈ 0.75ರ ಆಸುಪಾಸು, ಹೊರಮೈಯಲ್ಲಿ ಹೊತ್ತಿಸಿ. ಮೊದಲು ನೀಲಿ ಜ್ವಾಲೆ ಫೋಮ್ ಮೇಲೆ ಕುಣಿಯುತ್ತದೆ. ಫೋಮ್ ಕಾದಂತೆ ಅದು ಒಳಗಿಳಿದು ಮಾಯವಾಗಿ ಮೈಯೆಲ್ಲ ಕೆಂಪಾಗುತ್ತದೆ. ಈಗ ಫೈ ನಿಮ್ಮ ಗುರಿಗೆ ತಂದು ಉಷ್ಣತೆಗಳು ನೆಲೆಗೊಳ್ಳಲು ಬಿಡಿ: ಯಾವ ಥರ್ಮೋಕಪಲ್ ಕೂಡ ನಿಮಿಷಕ್ಕೆ 1 ಡಿಗ್ರಿಗಿಂತ ಹೆಚ್ಚು ಸರಿಯಬಾರದು. ಇದೇ ನಿಮ್ಮ ಆಧಾರ ಅಳತೆ.

ಹೈಡ್ರೋಜನ್ ಅನ್ನು ಶೇ. 40ರವರೆಗೆ ಹತ್ತರ ಹೆಜ್ಜೆಯಲ್ಲಿ, ಆಮೇಲೆ ಐದರ ಹೆಜ್ಜೆಯಲ್ಲಿ ಏರಿಸಿ. ಪ್ರತಿ ಹೆಜ್ಜೆಯಲ್ಲೂ ಮೊದಲು ಮೀಥೇನ್ ಇಳಿಸಿ, ನಂತರ ಹೈಡ್ರೋಜನ್ ಏರಿಸಿ, ಕೊನೆಗೆ ಗಾಳಿಯನ್ನು ತುಸು ಇಳಿಸಿ. ತಲೆಕೆಳಗಾಗಿ ಮಾಡಿದರೆ ನಡುವಿನ ಕೆಲವು ಸೆಕೆಂಡು ಮಿಶ್ರಣ ದಟ್ಟವಾಗುತ್ತದೆ, ಫ್ಲ್ಯಾಶ್‌ಬ್ಯಾಕ್‌ಗೆ ಅಷ್ಟು ಸಾಕು.

ಹೆಜ್ಜೆಗಳ ನಡುವೆ ಕಾಯುವುದನ್ನು ಹಲವರು ಕಡಿತ ಮಾಡುತ್ತಾರೆ. ಅನಿಲ ಫೋಮ್ ದಾಟಲು ಸೆಕೆಂಡಿನ ಒಂದು ಅಂಶ ಸಾಕು. ಸೆರಾಮಿಕ್ ಹೊಸ ಉಷ್ಣತೆಗೆ ಒಗ್ಗಲು ಹತ್ತು-ಇಪ್ಪತ್ತು ನಿಮಿಷ ಬೇಕಾಗಬಹುದು. ಶೇ. 60ರಲ್ಲಿ ಐದು ನಿಮಿಷ ಸುಮ್ಮನಿದ್ದ ಜ್ವಾಲೆ ಹದಿನೈದನೆಯ ನಿಮಿಷಕ್ಕೆ ಕೆಳಗೆ ಇಳಿಯುವುದುಂಟು: ನಿಧಾನವಾಗಿ ಕೆಳಪದರ ಕಾದು, ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಇದೇ ಕಾರಣಕ್ಕೆ ಹೈಡ್ರೋಜನ್ ಇಳಿಸುತ್ತ ಬರುವಾಗಲೂ ಅಳತೆ ತೆಗೆಯಿರಿ. ಇಳಿದ ಜ್ವಾಲೆ ಅದೇ ಶೇಕಡಾದಲ್ಲಿ ಮೇಲೇರುವುದಿಲ್ಲ; ಇನ್ನೂ ಕಡಿಮೆಗೆ ತಂದ ಮೇಲೇ ಏರುತ್ತದೆ. ಏರುಹಾದಿಯ ಅಂಕಿಯನ್ನು ಮಾತ್ರ ಮಿತಿ ಎಂದು ಬರೆದರೆ ಅರ್ಧ ಸತ್ಯ.

ನಿಲ್ಲಿಸಬೇಕಾದ ಸೂಚನೆಗಳು: ಕೆಳಪದರದ ಉಷ್ಣತೆ ನೆಲೆ ನಿಲ್ಲದೆ ಏರುತ್ತಲೇ ಇರುವುದು, ಅದೇ ಹೊತ್ತಿಗೆ ಹೊರಮೈಯ ಕೆಂಪು ಮಂಕಾಗುವುದು, ಅಥವಾ ಬುಸ್ ಬುಸ್ ಎಂಬ ಮಿಡಿತದ ಸದ್ದು. ಮಿಶ್ರಣ ಕೋಣೆಯ ಥರ್ಮೋಕಪಲ್ 100 ಡಿಗ್ರಿ ಮುಟ್ಟಿದರೆ ಎರಡೂ ಇಂಧನ ವಾಲ್ವ್‌ಗಳು ತಾವೇ ಮುಚ್ಚುವಂತೆ ಜೋಡಿಸಿರಬೇಕು, ಗಾಳಿ ಮಾತ್ರ ಹರಿಯುತ್ತಿರಬೇಕು.

6. ಮಿತಿ ಹಿಗ್ಗುವುದು ಯಾವ ಕಡೆ?

ಮೀಥೇನ್ ಹೊತ್ತಬಲ್ಲ ಕೆಳಮಿತಿ ಗಾಳಿಯಲ್ಲಿ ಶೇ. 5, ಅಂದರೆ ಫೈ 0.5. ಹೈಡ್ರೋಜನ್‌ನ ಶೇ. 4 ಎಂದರೆ ಫೈ 0.1. ಹಾಗಾಗಿ ಹೈಡ್ರೋಜನ್‌ನ ನಿಜವಾದ ಲಾಭ ತೆಳು ಮಿಶ್ರಣದ ಕಡೆ ಇದೆ. ಫೈ 0.65ರಲ್ಲಿ ಇದ್ದುಕೊಂಡೇ ಹೈಡ್ರೋಜನ್ ಏರಿಸುವುದು ಫ್ಲ್ಯಾಶ್‌ಬ್ಯಾಕ್‌ಗೆ ಹತ್ತಿರವಾಗುವುದು. ಹೈಡ್ರೋಜನ್ ಏರಿಸುತ್ತಾ ಫೈ ಇಳಿಸುವುದು ಜಾಣತನ: ಜ್ವಾಲೆಯ ಜಾಗ ಹೆಚ್ಚುಕಡಿಮೆ ಉಳಿಯುತ್ತದೆ, ಉಷ್ಣತೆ ಇಳಿಯುತ್ತದೆ, ಅದರೊಂದಿಗೆ ನೈಟ್ರೋಜನ್ ಆಕ್ಸೈಡ್‌ಗಳೂ ಇಳಿಯುತ್ತವೆ. ಆಧಾರ ಅಳತೆಗಳು ಮುಗಿದ ಮೇಲೆ ಪ್ರತಿ ಶೇಕಡಾದಲ್ಲೂ ಫೈ ಅನ್ನು 0.02ರಂತೆ ಇಳಿಸಿ, ಕಾರ್ಬನ್ ಮಾನಾಕ್ಸೈಡ್ ಥಟ್ಟನೆ ಏರುವ ಬಿಂದು ಗುರುತಿಸಿ. ಅದೇ ತೆಳುಮಿತಿ.

7. ಹೊಗೆಯ ಅಳತೆಯಲ್ಲಿ ಎರಡು ಬಲೆ

ಹೈಡ್ರೋಜನ್ ಇದ್ದಾಗ ಕಾರ್ಬನ್ ಮಾನಾಕ್ಸೈಡ್ ಸಾಮಾನ್ಯವಾಗಿ ಇಳಿಯುತ್ತದೆ: ಇಂಧನದಲ್ಲಿ ಕಾರ್ಬನ್ ಕಡಿಮೆ, ಉಳಿದದ್ದನ್ನು ಉರಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳು ಹೆಚ್ಚು. ಅದರ ಬದಲು ಏರಿದ್ದು ಕಂಡರೆ ಮೊದಲು ಉಪಕರಣವನ್ನು ಶಂಕಿಸಿ. ವಿದ್ಯುದ್ರಾಸಾಯನಿಕ ಬಗೆಯ ಕಾರ್ಬನ್ ಮಾನಾಕ್ಸೈಡ್ ಸೆಲ್ ಹೈಡ್ರೋಜನ್‌ಗೂ ಸ್ಪಂದಿಸುತ್ತದೆ. ಉರಿಯದೆ ಉಳಿದ ಚೂರು ಹೈಡ್ರೋಜನ್ ಅದಕ್ಕೆ ಕಾರ್ಬನ್ ಮಾನಾಕ್ಸೈಡ್‌ನಂತೆ ಕಾಣುತ್ತದೆ. ಹೈಡ್ರೋಜನ್ ತಿದ್ದುಪಡಿ ಇರುವ ಸೆಲ್ ಅಥವಾ ಅವಗೆಂಪು ವಿಶ್ಲೇಷಕ ಬಳಸಿ.

ಎರಡನೆಯದು ನೈಟ್ರೋಜನ್ ಆಕ್ಸೈಡ್‌ಗಳದ್ದು. ವಿಶ್ಲೇಷಕ ನೀರಾವಿ ತೆಗೆದು ಒಣ ಹೊಗೆಯಲ್ಲಿ ಅಳೆಯುತ್ತದೆ. ಹೈಡ್ರೋಜನ್ ಉರಿದು ಸಿಗುವುದು ನೀರು; ಅದನ್ನು ತೆಗೆದರೆ ಉಳಿಯುವ ಹೊಗೆ ಕಡಿಮೆ. ಒಂದೇ ಶಕ್ತಿಗೆ ಅಷ್ಟೇ ತೂಕದ ನೈಟ್ರೋಜನ್ ಆಕ್ಸೈಡ್ ಹುಟ್ಟಿದರೂ, ಹೊಗೆಯ ಆಕ್ಸಿಜನ್ ಅನ್ನು ಒಂದೇ ಮಟ್ಟಕ್ಕೆ ತಿದ್ದಿದ ಲೆಕ್ಕದಲ್ಲಿ ಬರೀ ಹೈಡ್ರೋಜನ್‌ನಲ್ಲಿ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಅಂಕಿ ಮೀಥೇನ್‌ಗಿಂತ ಸುಮಾರು 1.37 ಪಟ್ಟು ಕಾಣುತ್ತದೆ. ಶೇ. 50ರ ಮಿಶ್ರಣದಲ್ಲಿ ವ್ಯತ್ಯಾಸ ಶೇ. 7ರಷ್ಟು. ಫಲಿತಾಂಶವನ್ನು ಪ್ರತಿ ಮೆಗಾಜೂಲ್‌ಗೆ ಇಷ್ಟು ಮಿಲಿಗ್ರಾಂ ಎಂದು ಕೊಡಿ. ಹೊರಮೈ ಮೇಲೆ ಒಂದು ಕ್ವಾರ್ಟ್ಜ್ ಕೊಳವೆ ನಿಲ್ಲಿಸಿ ಅದರೊಳಗಿಂದ ಮಾದರಿ ಎಳೆಯಿರಿ. ಇಲ್ಲದಿದ್ದರೆ ಕೋಣೆಯ ಗಾಳಿ ಸೇರಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಉಷ್ಣತೆಯ ಗ್ರಾಫ್ ಓದುವಾಗಲೂ ಜ್ವಾಲೆ ಸರಿಯುತ್ತದೆಂಬುದು ನೆನಪಿರಲಿ. ಮೇಲಿನ ಥರ್ಮೋಕಪಲ್ 40 ಡಿಗ್ರಿ ಇಳಿದರೆ ಜ್ವಾಲೆ ತಣ್ಣಗಾಯಿತು ಎಂದಲ್ಲ; ಶಿಖರ ಅಲ್ಲಿಂದ ಕೆಳಗೆ ಸರಿದು ಎರಡು ಥರ್ಮೋಕಪಲ್‌ಗಳ ನಡುವೆ ಕೂತಿರಬಹುದು. ಇಡೀ ಸಾಲನ್ನು ಒಟ್ಟಿಗೆ ಎಳೆದು ನೋಡಿ.

8. ಆರಿಸುವುದು

ಮೊದಲು ಹೈಡ್ರೋಜನ್ ಪೂರ್ತಿ ನಿಲ್ಲಿಸಿ, ಮೀಥೇನ್‌ನಲ್ಲಿ ಕೆಲವು ನಿಮಿಷ ನಡೆಸಿ, ಆಮೇಲೆ ಮೀಥೇನ್ ಮುಚ್ಚಿ. ಗಾಳಿಯನ್ನು ಕಡಿಮೆ ಹರಿವಿನಲ್ಲಿ ಮುಂದುವರಿಸಿ. ಒಮ್ಮೆಲೇ ಜೋರಾಗಿ ಬಿಟ್ಟರೆ ಫೋಮ್ ಬಿರಿಯುತ್ತದೆ. ಬರ್ನರ್ ಅಚಾನಕ್ ಆರಿಹೋದರೆ ಬಿಸಿ ಫೋಮ್ ಮೇಲೆ ಮತ್ತೆ ಇಂಧನ ಬಿಡುವ ಆತುರ ಬೇಡ: ಕೆಂಪು ಕಾದ ಸೆರಾಮಿಕ್ಕೇ ಕಿಡಿ, ಅದು ಎಲ್ಲಿ ಹೊತ್ತಿಸುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. 200 ಡಿಗ್ರಿಗಿಂತ ಕೆಳಗಿಳಿದ ಮೇಲೆ ಮೊದಲಿನಿಂದ ಶುರು ಮಾಡಿ.

ಪೂರ್ತಿ ತಣಿದ ಬಳಿಕ ಫೋಮ್ ಹೊರತೆಗೆದು ತೂಗಿ, ಗಡಿಯ ಕಡೆಯ ಮುಖ ನೋಡಿ. ಸಿಲಿಕಾನ್ ಕಾರ್ಬೈಡ್ ಅನ್ನು ಕಾಪಾಡುವುದು ಅದರ ಮೈಮೇಲಿನ ತೆಳು ಸಿಲಿಕಾ ಪೊರೆ. ಬಿಸಿ ನೀರಾವಿ ಆ ಪೊರೆಯನ್ನು ಆವಿಯಾಗಿಸಿ ಕೊಂಡೊಯ್ಯುತ್ತದೆ. ಫೈ 1ರಲ್ಲಿ ಮೀಥೇನ್ ಹೊಗೆಯಲ್ಲಿ ನೀರಾವಿ ಶೇ. 19, ಹೈಡ್ರೋಜನ್ ಹೊಗೆಯಲ್ಲಿ ಶೇ. 35. ಎಳೆಗಳು ತೆಳುವಾಗಿದ್ದರೆ, ತೂಕ ಪ್ರತಿ ಸಲವೂ ಇಳಿಯುತ್ತಿದ್ದರೆ ರಂಧ್ರದ ಅಳತೆಯೂ ಬದಲಾಗಿದೆ ಎಂದರ್ಥ. ಹಳೆಯ ಅಂಕಿಗಳೊಂದಿಗೆ ಹೊಸದನ್ನು ಹೋಲಿಸುವ ಮೊದಲು ಫೋಮ್ ಬದಲಿಸಿ, ಹೈಡ್ರೋಜನ್ ಇಲ್ಲದ ಆಧಾರ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ.